ಮೂಗು ಹೇಳಿದ್ದನ್ನು ಕೇಳಿ, ಮೇಷ್ಟ್ರೇ

ಕಲಬುರಗಿಯ ಎಪ್ಪತ್ತನಾಲ್ಕು ವರ್ಷದ ನಿವೃತ್ತ ಮೇಷ್ಟ್ರೊಬ್ಬರು ಆರು ಪುಟದ ಪತ್ರ ಬರೆದಿದ್ದಾರೆ. ಐದೂವರೆ ಪುಟ ಹಳೆಯ ಸಿನಿಮಾ ಪ್ರೊಜೆಕ್ಟರುಗಳ ವರ್ಣನೆಗೇ ಮೀಸಲು. ಶಹಾಬಾದಿನ ಕಾರ್ಖಾನೆಯಲ್ಲಿದ್ದ ತಂದೆ ಕೂಡಿಟ್ಟವು, ತಾವು ಸೇರಿಸಿದವು, ಒಟ್ಟು ಹದಿಮೂರು. ಮನೆ ಮಾರಿ ಮಗನ ಫ್ಲ್ಯಾಟಿಗೆ ಹೋಗಬೇಕಾಗಿದೆ. ಹೆಂಡತಿಯ ತಮ್ಮ ಹೈದರಾಬಾದಿನಿಂದ ವ್ಯಾಪಾರಿಯೊಬ್ಬನನ್ನು ಕರೆತಂದಿದ್ದಾನೆ. ಎಲ್ಲ ಸೇರಿ ನಲವತ್ತೈದು ಸಾವಿರಕ್ಕೆ ಕೊಡಲೋ ಬೇಡವೋ ಎಂಬುದು ಇವರ ಸಂಕಟ.

ಉಳಿದ ಅರ್ಧ ಪುಟದಲ್ಲಿ ಹೆಂಡತಿಯ ಮೇಲಿನ ದೂರು. 'ಅಟ್ಟದ ರೀಲು ಡಬ್ಬಗಳಿಂದ ಹುಳಿ ವಾಸನೆ ಬರುತ್ತದೆಂದು ದಿನವೂ ಗೊಣಗುತ್ತಾಳೆ. ನಮ್ಮ 1974ರ ಮದುವೆಯ ರೀಲೂ ಅದರಲ್ಲೇ ಇರಬೇಕು.'

ಇರಬೇಕಂತೆ! ಒಂದೊಂದು ಪ್ರೊಜೆಕ್ಟರಿನ ತಿರುಪಿನ ಲೆಕ್ಕ ಗೊತ್ತಿರುವವರಿಗೆ ಮದುವೆಯ ರೀಲು ಎಲ್ಲಿದೆಯೆಂಬುದು ಅಂದಾಜು!

ಮೇಷ್ಟ್ರೇ, ಅದು ನಿಮ್ಮ ಹೆಂಡತಿಯ ಗೊಣಗಾಟವಲ್ಲ, ರೀಲು ಸಾಯುತ್ತಿರುವ ವಾಸನೆ. ಆ ಕಾಲದ ಬಹುಪಾಲು ಮನೆ-ಸಿನಿಮಾ ಫಿಲ್ಮಿನ ತಳ ಅಸಿಟೇಟ್ ಎಂಬ ಪ್ಲಾಸ್ಟಿಕ್. ಸೆಕೆಗೆ, ತೇವಕ್ಕೆ ಅದು ಒಡೆಯತೊಡಗಿದಾಗ ಅಸಿಟಿಕ್ ಆಮ್ಲ ಹೊರಬರುತ್ತದೆ, ಅಂದರೆ ವಿನೆಗರಿನ ಹುಳಿ. ಮುಚ್ಚಿದ ಡಬ್ಬದೊಳಗೆ ಆ ಆಮ್ಲ ತಾನು ಹುಟ್ಟಿದ ಫಿಲ್ಮನ್ನೇ ಇನ್ನಷ್ಟು ಬೇಗ ತಿನ್ನುತ್ತದೆ, ಪಕ್ಕದ ರೀಲಿಗೂ ಹತ್ತುತ್ತದೆ. ಫಿಲ್ಮು ಕುಗ್ಗಿ, ಸೊಟ್ಟಗಾಗಿ, ಕೊನೆಗೆ ಮುಟ್ಟಿದರೆ ಮುರಿಯುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ತಗಡಿನ ಅಟ್ಟ ಹೇಗೆ ಕಾಯುತ್ತದೆಂದು ನಿಮಗೆ ನಾನು ಹೇಳಬೇಕೇ?

ನಿಮ್ಮದು 8 ಎಂಎಂ ಅಗಲದ ರೀಲಾದರೆ, ಐವತ್ತು ಅಡಿಗೆ ಹೆಚ್ಚುಕಡಿಮೆ ನಾಲ್ಕು ನಿಮಿಷ. ಇಡೀ ಮದುವೆಗೆ ಉಳಿದಿರುವುದು ಅಷ್ಟೇ. ಪ್ರೊಜೆಕ್ಟರಿಗೆ ಅಂಥ ಅವಸರವಿಲ್ಲ. ಹೆಚ್ಚೆಂದರೆ ರಬ್ಬರ್ ಬೆಲ್ಟು ಕರಗಿ ಅಂಟಾಗುತ್ತದೆ, ಬೇರೆಯದು ಹಾಕಬಹುದು.

ಭಾವಮೈದುನನ ವಿಷಯ. 110 ವೋಲ್ಟಿನ ಅಮೆರಿಕನ್ ಯಂತ್ರವನ್ನು 'ನಡೆಯುತ್ತದೋ ನೋಡೋಣ' ಎಂದು ನೇರ ನಮ್ಮ 230 ವೋಲ್ಟಿಗೆ ಚುಚ್ಚಿ ಬಲ್ಬು ಸುಟ್ಟ ಮಹಾಶಯ ಇವನೇ ಎಂದು ನೀವೇ ಬರೆದಿದ್ದೀರಿ. ಅವನ ಬಾಯಿಂದ ಬೆಲೆ ಕೇಳುತ್ತೀರಾ? ಮನೆಯ ಸಾಮಾನು ಮಾರುವಾಗ ನೆಂಟರು ದಲ್ಲಾಳಿಗಳಾಗಬಾರದು ಎಂಬುದು ನನ್ನ ಹಳೆಯ ಹಟ, ಈ ಅಂಕಣ ಓದುವವರಿಗೆ ಸಾಕುಸಾಕಾಗಿರಬಹುದು. ನಿಮ್ಮ ಹದಿಮೂರರಲ್ಲಿ ಕೈಯಿಂದ ತಿರುಗಿಸುವ ಆ ಪುಟ್ಟ ಪಾಥೇ ಬೇಬಿ ಪ್ರೊಜೆಕ್ಟರು 1922ರಲ್ಲಿ ಬಂದ ಮಾದರಿ. ಫಿಲ್ಮಿನ ನಡುವೆಯೇ ತೂತಿರುವ 9.5 ಎಂಎಂನದು. ಲಕ್ಷಗಟ್ಟಲೆ ತಯಾರಾದ ಯೂಮಿಗ್ ಪ್ರೊಜೆಕ್ಟರುಗಳೊಂದಿಗೆ ಅದನ್ನೂ ಒಂದೇ ಚೀಲಕ್ಕೆ ತುಂಬಿ ಕೊಡುವುದು ತೊಗರಿಯನ್ನೂ ತೌಡನ್ನೂ ಒಂದೇ ದರಕ್ಕೆ ತೂಗಿದಂತೆ.

ಹೀಗಾಗಿ ಮಾರಾಟದ ಮಾತು ಸದ್ಯಕ್ಕೆ ಬಂದ್. ನಿಮ್ಮ ಕೆಲಸ ಒಂದೇ: ನಾಳೆ ಬೆಳಿಗ್ಗೆ, ಬಿಸಿಲೇರುವ ಮೊದಲು, ಡಬ್ಬಗಳನ್ನೆಲ್ಲ ಕೆಳಗಿಳಿಸಿ, ಹೆಂಡತಿಯ ಮೂಗಿಗೆ ಒಂದೊಂದಾಗಿ ಹಿಡಿದು, ಹುಳಿಯಾದವನ್ನು ಬೇರೆ ತೆಗೆದು, ಮದುವೆಯ ರೀಲು ಹುಡುಕಿ, ಒಂದೊಂದು ಚಿತ್ರವನ್ನೂ ಸ್ಕ್ಯಾನ್ ಮಾಡುವವರಿಗೆ ತಲುಪಿಸಿ. ಒಮ್ಮೆ ಪ್ರೊಜೆಕ್ಟರಿಗೆ ಹಾಕಿ ನೋಡುವ ಆಸೆ ಬೇಡವೇ ಬೇಡ. ಕುಗ್ಗಿದ ಫಿಲ್ಮಿನ ತೂತು ಯಂತ್ರದ ಹಲ್ಲಿಗೆ ಕೂರುವುದಿಲ್ಲ, ತಾಳಿ ಕಟ್ಟುವ ಹೊತ್ತಿಗೇ ಹರಿದೀತು.

ಆ ನಾಲ್ಕು ನಿಮಿಷ ಇಬ್ಬರೂ ಕೂತು ನೋಡಿದ ಮೇಲೆ ಬೆಲೆಯ ಬಗ್ಗೆ ನನಗೆ ಬರೆಯಿರಿ. ಈ ಸಲ ಪತ್ರ ಅವರೇ ಬರೆಯಲಿ.