ವಿಜಯಪುರದ ಸ್ಟೇಷನ್ ರಸ್ತೆಯ ಹೋಟೆಲಿನಲ್ಲಿ ತಂಗಿದರೆ ಹತ್ತಿರದಲ್ಲಿ ಏನೇನು ನೋಡಬಹುದು?

ವಯಸ್ಸಾದ ತಂದೆತಾಯಿಯರನ್ನು ಕರೆದುಕೊಂಡು ಡಿಸೆಂಬರಿನಲ್ಲಿ ವಿಜಯಪುರಕ್ಕೆ ಬರುತ್ತಿರುವುದಾಗಿ, ಸ್ಟೇಷನ್ ರಸ್ತೆಯಲ್ಲಿ ಕೋಣೆ ಕಾದಿರಿಸಿರುವುದಾಗಿ, ಕೈಯಲ್ಲಿ ಒಂದೂವರೆ ದಿನ ಮಾತ್ರ ಇದ್ದು ತಾಯಿಯವರಿಗೆ ಮಂಡಿನೋವಿರುವುದಾಗಿ ಬರೆದಿದ್ದೀರಿ. ನಾನು ಈ ಊರಿನಲ್ಲೇ ಬೆಳೆದವನು. ಮನೆಗೆ ಬಂದ ನೆಂಟರಿಗೆ ಊರು ತೋರಿಸುವ ಕೆಲಸ ಚಿಕ್ಕಂದಿನಿಂದಲೂ ನನ್ನ ಪಾಲಿಗೇ ಬಿದ್ದಿರುವುದರಿಂದ ಉತ್ತರಿಸುತ್ತಿದ್ದೇನೆ.

ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಗೋಲಗುಮ್ಮಟವನ್ನು ಒಂದು ಗಂಟೆಯಲ್ಲಿ ನೋಡಿ ಮುಗಿಸಿ ಬಾದಾಮಿಯ ದಾರಿ ಹಿಡಿಯುತ್ತಾರೆ. ನೀವು ಹಾಗೆ ಮಾಡಬೇಡಿ. ಗೋಲಗುಮ್ಮಟ ಊರಿನ ಪೂರ್ವಕ್ಕೂ ಇಬ್ರಾಹಿಂ ರೋಜಾ ಪಶ್ಚಿಮಕ್ಕೂ ಇದ್ದು, ಉಳಿದವೆಲ್ಲ ಇವೆರಡರ ನಡುವೆ ಹರಡಿಕೊಂಡಿವೆ. ಆದ್ದರಿಂದ ಸೂರ್ಯನ ಜೊತೆಗೇ ಪೂರ್ವದಿಂದ ಪಶ್ಚಿಮಕ್ಕೆ ಸಾಗಿದರೆ ದಾರಿಯೂ ಉಳಿಯುತ್ತದೆ, ದಣಿವೂ ಕಡಿಮೆ.

ನಿಮ್ಮ ಹೋಟೆಲಿನಿಂದ ಗೋಲಗುಮ್ಮಟ ದೂರವಿಲ್ಲ. ಬಾಗಿಲು ತೆರೆಯುವ ಹೊತ್ತಿಗೇ, ಅಂದರೆ ನಸುಕಿನಲ್ಲೇ, ಅಲ್ಲಿರಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಡಿಸೆಂಬರ್ ಶಾಲಾ ಪ್ರವಾಸದ ತಿಂಗಳು. ಹತ್ತು ಗಂಟೆಯ ನಂತರ ಒಳಗೆ ನೂರಾರು ಮಕ್ಕಳು ಒಟ್ಟಿಗೆ ಕೂಗುತ್ತಿರುತ್ತಾರೆ. ಆಗ ಗುಮ್ಮಟದ ಬುಡದಲ್ಲಿ ಒಳಸುತ್ತಿಗೆ ಇರುವ ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಮಾತು ಬಿಟ್ಟು ಉಳಿದೆಲ್ಲವೂ ಕೇಳಿಸುತ್ತದೆ. ಒಂದು ಬೆಳಿಗ್ಗೆ ನನ್ನ ಚಿಕ್ಕಮ್ಮನವರನ್ನು ಗ್ಯಾಲರಿಯ ಒಂದು ಬದಿಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ನಾನು ಸುತ್ತು ಹಾಕಿ ನೇರ ಎದುರು ಬದಿಗೆ ಹೋಗಿ ಕುಳಿತಿದ್ದೆ. ಅವರು ಕೈಚೀಲದಿಂದ ಏನನ್ನೋ ತೆಗೆಯುವಾಗ ಗಾಜಿನ ಬಳೆಗಳು ಒಂದಕ್ಕೊಂದು ತಾಕಿದ ಸದ್ದು, ಸುಮಾರು 38 ಮೀಟರ್ ಆಚೆಯಿದ್ದ ನನ್ನ ಕಿವಿಯ ಪಕ್ಕದಲ್ಲೇ ಆದಂತೆ ಕೇಳಿಸಿತು. ಅಷ್ಟು ಸಣ್ಣ ಸದ್ದನ್ನು ಕೇಳಬೇಕಾದರೆ ನಿಶ್ಶಬ್ದವೇ ಬೇಕು.

ಇದು 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್ ಶಾಹನ ಗೋರಿ. ಒಳಗೆ ಒಂದೇ ಒಂದು ಕಂಬವಿಲ್ಲದಿರುವುದನ್ನು ಎಲ್ಲರೂ ಹೇಳುತ್ತಾರೆ. ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ಮಾತ್ರ ಯಾರೂ ತೋರಿಸುವುದಿಲ್ಲ. ನೆಲದ ನಡುವೆ ನಿಂತು ಮೇಲೆ ನೋಡಿ. ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿಟ್ಟಂತೆ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು, ಕೋಣೆಯ ಮೂಲೆಗಳನ್ನು ನುಂಗುತ್ತಾ ಮೇಲೇರಿ, ಗುಮ್ಮಟ ಕೂರುವುದಕ್ಕೆ ದುಂಡನೆಯ ಪೀಠವೊಂದನ್ನು ಕಟ್ಟಿಕೊಡುತ್ತವೆ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳಲು ನೋಡಿದರೆ, ಒಳಮುಖವಾಗಿ ಚಾಚಿಕೊಂಡ ಈ ಕಮಾನುಗಳ ಭಾರ ಅದನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗಾಗಿ ಇಟ್ಟವು. ನಿಜವಾದ ಸಮಾಧಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ.

ತಾಯಿಯವರ ವಿಷಯಕ್ಕೆ ಬಂದರೆ, ಗ್ಯಾಲರಿಗೆ ಹೋಗಲು ಮೂಲೆಯ ಏಳು ಅಂತಸ್ತಿನ ಗೋಪುರದೊಳಗಿನ ಕಿರಿದಾದ, ಎತ್ತರದ ಮೆಟ್ಟಿಲುಗಳನ್ನು ಹತ್ತಬೇಕು. ಮಂಡಿನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದು ಹೆಚ್ಚು ಕಷ್ಟ. ಅವರು ಕೆಳಗೇ ಉಳಿದರೆ ಮುಂಭಾಗದ ನಗಾರಖಾನೆಯಲ್ಲಿ, ಅಂದರೆ ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡದಲ್ಲಿ, ಇರುವ ವಸ್ತುಸಂಗ್ರಹಾಲಯವನ್ನು ನೆಮ್ಮದಿಯಾಗಿ ನೋಡಬಹುದು. ಶುಕ್ರವಾರ ಅದಕ್ಕೆ ರಜೆ.

ಅಲ್ಲಿಂದ ಹೋಟೆಲಿಗೆ ಮರಳಿ ತಿಂಡಿ ಮುಗಿಸಿ, ಇಡೀ ದಿನಕ್ಕೆ ಒಂದು ಆಟೋ ಗೊತ್ತುಮಾಡಿಕೊಳ್ಳಿ. ಎಲ್ಲೆಲ್ಲಿ ಎಷ್ಟು ಹೊತ್ತು ಕಾಯಬೇಕೆಂಬುದನ್ನು ಹೊರಡುವ ಮೊದಲೇ ಮಾತಾಡಿಕೊಂಡರೆ ಒಳ್ಳೆಯದು.

ಮೊದಲು ಜಾಮಿಯಾ ಮಸೀದಿ. ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ ಆರಂಭವಾದ ಇದು ಪೂರ್ತಿಯಾಗಲೇ ಇಲ್ಲ. ಒಳಗಿನ ನೆಲದ ಮೇಲೆ 2,250 ಜನರು ನಮಾಜು ಮಾಡಲು ಕಪ್ಪು ಗೆರೆಗಳಿಂದ ಚೌಕಗಳನ್ನು ಗುರುತಿಸಲಾಗಿದೆ. ಇವನ್ನು ಔರಂಗಜೇಬ ಹಾಕಿಸಿದನೆಂದು ಹೇಳುತ್ತಾರೆ. ಚಪ್ಪಲಿ ಬಿಟ್ಟು ಅಂಗಳ ದಾಟಬೇಕಾದ್ದರಿಂದ ಮಧ್ಯಾಹ್ನದೊಳಗೆ ಹೋಗಿ, ಕಾಲುಚೀಲ ಇರಲಿ. ಶುಕ್ರವಾರದ ಪ್ರಾರ್ಥನೆಯ ಹೊತ್ತನ್ನು ತಪ್ಪಿಸುವುದು ಸೌಜನ್ಯ. ಹಿಂದಿರುಗುವ ದಾರಿಯಲ್ಲಿ ಮೆಹತರ್ ಮಹಲ್ ಸಿಗುತ್ತದೆ. ಹೆಸರಿಗೆ ಮಹಲಾದರೂ ಅದೊಂದು ಹೆಬ್ಬಾಗಿಲು ಅಷ್ಟೇ. ಆಟೋದಿಂದ ಇಳಿಯದೆಯೂ ನೋಡಬಹುದು, ಆದರೆ ಬಾಲ್ಕನಿಯನ್ನು ಹೊತ್ತ ಕಲ್ಲಿನ ಚಾಚುಗಳ ಕೆತ್ತನೆಗಾಗಿ ಇಳಿಯಬೇಕು. ಕಲ್ಲನ್ನು ಮರವೆಂದೇ ತಿಳಿದು ಕೊರೆದಂತಿದೆ.

ಒಳಕೋಟೆಯಾದ ಅರಕಿಲ್ಲೆಯ ಪೂರ್ವಕ್ಕಿರುವ ಅಸರ್ ಮಹಲಿನ ಎತ್ತರದ ಮರದ ಕಂಬಗಳನ್ನೂ ಮುಂದಿನ ಕೊಳವನ್ನೂ ಹೊರಗಿನಿಂದಲೇ ನೋಡಿದರೆ ಸಾಕು. ಪ್ರವಾದಿಯವರ ಕೇಶವನ್ನು ಇರಿಸಿದ ಸ್ಥಳವಾದ್ದರಿಂದ ಅದರ ಒಳಕೋಣೆಗಳಿಗೆ ಮಹಿಳೆಯರಿಗೆ ಪ್ರವೇಶವಿಲ್ಲ. ಗಗನ್ ಮಹಲಿನ ಚಾವಣಿ ಎಂದೋ ಹೋಗಿದೆ. ನಡುವಿನ ದೊಡ್ಡ ಕಮಾನು ಮಾತ್ರ ಆಕಾಶವನ್ನು ಹಿಡಿದುಕೊಂಡು ನಿಂತಿದೆ. 1686ರ ಸೆಪ್ಟೆಂಬರಿನಲ್ಲಿ ಕೋಟೆ ಬಿದ್ದ ಬಳಿಕ, ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸರಪಳಿ ತೊಡಿಸಿ ಔರಂಗಜೇಬನ ಮುಂದೆ ನಿಲ್ಲಿಸಿದ್ದು ಇಲ್ಲೇ ಎಂದು ಪ್ರತೀತಿ. ಈಗ ಅಲ್ಲಿ ಹುಲ್ಲುಹಾಸಿದೆ, ಮಧ್ಯಾಹ್ನ ಮಲಗುವವರಿದ್ದಾರೆ.

ಬಾರಾ ಕಮಾನಿಗೆ ಸ್ವಲ್ಪ ಸಮಯ ಕೊಡಿ. ಮಹಮ್ಮದನ ಮಗ ಎರಡನೆಯ ಅಲಿ ತನಗಾಗಿ ಕಟ್ಟಿಸತೊಡಗಿದ ಗೋರಿಯಿದು. 1672ರಲ್ಲಿ ಅವನು ತೀರಿಕೊಂಡಾಗ ಕಮಾನುಗಳಷ್ಟೇ ಎದ್ದಿದ್ದವು. ಕಪ್ಪು ಕಲ್ಲಿನ ಆ ಕಮಾನುಗಳು ಒಂದರ ಹಿಂದೊಂದು ನಿಂತಿರುವಲ್ಲಿ ನಿಂತರೆ, ಬೆಳಿಗ್ಗೆ ನೋಡಿದ ಗುಮ್ಮಟದೊಳಗೆ ಗಿಲಾವಿನ ಹಿಂದೆ ಅಡಗಿದ್ದ ಕೆಲಸವೇನೆಂದು ತಿಳಿಯುತ್ತದೆ. ಗೋಲಗುಮ್ಮಟದ ನಂತರವೇ ಇದನ್ನು ನೋಡಿ ಎನ್ನುವುದು ಅದಕ್ಕಾಗಿ.

ಊಟ, ವಿಶ್ರಾಂತಿ ಮುಗಿಸಿ ಮೂರೂವರೆಗೆ ಪಶ್ಚಿಮಕ್ಕೆ ಹೊರಡಿ. ಉಪ್ಲಿ ಬುರುಜು 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಕಾವಲು ಗೋಪುರ. ಹೊರಮೈಯನ್ನು ಸುತ್ತಿಕೊಂಡ ಮೆಟ್ಟಿಲುಗಳಿರುವುದರಿಂದ ಅದನ್ನು ನೀವೊಬ್ಬರೇ ಹತ್ತಿ ಬನ್ನಿ. ಕೋಟೆಗೋಡೆಯ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹ್ಮದನಗರದಲ್ಲಿ ಎರಕವಾದದ್ದು, ತೂಕ ಸುಮಾರು 55 ಟನ್. ತೋಪಿನ ಬಾಯಿಯನ್ನು ಬಾಗಿ ನೋಡಿ: ತೆರೆದ ಸಿಂಹದ ಬಾಯೊಳಗೆ, ಹಲ್ಲುಗಳ ನಡುವೆ, ಪುಟ್ಟ ಆನೆಯೊಂದು ಜಜ್ಜಿಹೋಗುತ್ತಿದೆ. ಬ್ರಿಟಿಷರು 1854ರಲ್ಲಿ ಇದನ್ನು 150 ರೂಪಾಯಿಗೆ ಹರಾಜು ಹಾಕಿ, ಆಮೇಲೆ ಬುದ್ಧಿ ಬಂದು ಮಾರಾಟವನ್ನು ರದ್ದುಪಡಿಸಿದರು.

ಅಲ್ಲಿಂದ ನೇರ ಇಬ್ರಾಹಿಂ ರೋಜಾಕ್ಕೆ. ಇಡೀ ಊರಿನಲ್ಲಿ ಒಂದನ್ನೇ ನೋಡಲು ಸಾಧ್ಯವೆಂದರೆ ನಾನು ಆರಿಸುವುದು ಇದನ್ನೇ, ಗೋಲಗುಮ್ಮಟವನ್ನಲ್ಲ. ಅಲ್ಲಿ ಗಾತ್ರ ಬೆರಗು ಹುಟ್ಟಿಸುತ್ತದೆ. ಇಲ್ಲಿ ಯಾವುದೂ ದೊಡ್ಡದಲ್ಲ, ಯಾವುದೂ ಹೆಚ್ಚಾಗಿಲ್ಲ. ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿ ಪದಗಳನ್ನು ಕಟ್ಟಿದ, ಜನ ಜಗದ್ಗುರು ಬಾದಶಹಾ ಎಂದು ಕರೆದ ಎರಡನೆಯ ಇಬ್ರಾಹಿಮನೂ ಅವನ ರಾಣಿ ತಾಜ್ ಸುಲ್ತಾನಳೂ ಇಲ್ಲಿದ್ದಾರೆ. ಒಂದೇ ಕಟ್ಟೆಯ ಮೇಲೆ ಗೋರಿ ಮತ್ತು ಮಸೀದಿ ಎದುರುಬದುರಾಗಿ, ನಡುವೆ ಕಾರಂಜಿಯ ಕೊಳ. ಗೋರಿಯ ಕಿಟಕಿಗಳಲ್ಲಿ ಜಾಲರಿಯ ಬದಲು ಅರಬ್ಬಿ ಅಕ್ಷರಗಳನ್ನೇ ಕಲ್ಲಿನಲ್ಲಿ ಕೊರೆದು ಬೆಳಕಿಗೆ ದಾರಿ ಮಾಡಿದ್ದಾರೆ. ಐದರ ಹೊತ್ತಿಗೆ ಬಿಸಿಲು ಓರೆಯಾಗಿ ಬೀಳುವಾಗ ಕಂದು ಕಲ್ಲು ಬಣ್ಣ ಬದಲಿಸುವುದನ್ನು ಕಾಣಬೇಕು. ಕಟ್ಟೆ ಹತ್ತಲು ಕೆಲವೇ ಮೆಟ್ಟಿಲುಗಳಿದ್ದು, ತಂದೆತಾಯಿಯರು ಜಗಲಿಯಲ್ಲಿ ಕುಳಿತೇ ಬಹುಪಾಲನ್ನು ನೋಡಬಹುದು. ಆಟೋದವರು ಹೊರಡಿಸಲು ಅವಸರ ಮಾಡುವುದು ಇಲ್ಲೇ ಆದ್ದರಿಂದ, ಕಾಯುವ ಹೊತ್ತನ್ನು ಮೊದಲೇ ಹೇಳಿರಿ ಎಂದದ್ದು.

ಮರುದಿನದ ಅರ್ಧ ದಿನಕ್ಕೆ ಪಶ್ಚಿಮದ ತೊರವಿಯನ್ನು ಸೂಚಿಸುತ್ತೇನೆ. ತೊರವೆ ರಾಮಾಯಣವನ್ನು ಬರೆದ ಕುಮಾರ ವಾಲ್ಮೀಕಿಯ ಆರಾಧ್ಯದೈವ ನರಸಿಂಹನ ಗುಡಿ ಅಲ್ಲಿದೆ. ಸಮೀಪದಲ್ಲೇ ಇಬ್ರಾಹಿಮನು 1599ರಲ್ಲಿ ಕಟ್ಟಿಸಲು ತೊಡಗಿದ, 1624ರಲ್ಲಿ ಅಹ್ಮದನಗರದ ಸೇನಾನಿ ಮಲಿಕ್ ಅಂಬರನ ದಾಳಿಗೆ ತುತ್ತಾದ ನವರಸಪುರದ ಅವಶೇಷಗಳಲ್ಲಿ ಸಂಗೀತ ಮಹಲ್ ನಿಂತಿದೆ. ಬೆಳಿಗ್ಗೆ ಹೋದರೆ ಅಲ್ಲಿ ನಿಮ್ಮನ್ನು ಬಿಟ್ಟು ಬೇರೆ ಯಾರೂ ಇರುವುದಿಲ್ಲ. ಅಂಗಡಿಗಳೂ ಇಲ್ಲದಿರುವುದರಿಂದ ಕುಡಿಯುವ ನೀರನ್ನು ಹೋಟೆಲಿನಿಂದಲೇ ತೆಗೆದುಕೊಂಡು ಹೋಗಿ.