ಹೊಸ ಶಾಸಕರು ಬಂದರು, ನಮ್ಮ ಕಡತ ಮೇಲೇಳುತ್ತದೆಯೇ?

ಪ್ರಶ್ನೆ: 2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಐದಕ್ಕೆ ಐದೂ ಕ್ಷೇತ್ರ ಕಾಂಗ್ರೆಸ್ಸಿಗೆ ಬಂದವು. 2018ರಲ್ಲಿ ನಾಲ್ಕು ಬಿಜೆಪಿ ಕೈಲಿದ್ದವು. ನಮ್ಮ ಕ್ಷೇತ್ರಕ್ಕೂ ಹೊಸಬರು ಬಂದಿದ್ದಾರೆ. ಮೇ 13ರಂದು ಊರಲ್ಲಿ ಪಟಾಕಿ ಹೊಡೆದವರಲ್ಲಿ ನಾನೂ ಇದ್ದೆ. ನಮ್ಮಪ್ಪ ಸರ್ಕಾರಿ ಜಾಗದಲ್ಲಿ ಮಾಡಿದ ಎರಡೂವರೆ ಎಕರೆ ಕಾಫಿ ತೋಟವನ್ನು ಸಕ್ರಮ ಮಾಡಿಕೊಡಿ ಎಂದು ಫಾರಂ 53 ಹಾಕಿ ಎಷ್ಟೋ ಕಾಲವಾಯಿತು, ಮಂಜೂರಾತಿಯ ಸಾಗುವಳಿ ಚೀಟಿ ಮಾತ್ರ ಸಿಕ್ಕಿಲ್ಲ. 'ಯಾರು ಬಂದ್ರೂ ಅಷ್ಟೇ ಕಣೋ' ಅಂತಾರೆ. ನಿಜವಾಗಿಯೂ ಅಷ್ಟೇನಾ?
— ಮಲೆನಾಡಿನ ಓದುಗ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಅಷ್ಟೇ ಅಲ್ಲ. ಆದರೆ ನಿಮ್ಮ ತಂದೆಯ ಮಾತನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಅರ್ಜಿ ಹಿಡಿದು ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿ ಸವೆದವರ ಮಾತು ಅದು. ನಾನು ಕಂದಾಯ ಇಲಾಖೆಗೆ ಗ್ರಾಮ ಲೆಕ್ಕಿಗನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಆ ಮೆಟ್ಟಿಲಿನ ಒಳಗಡೆ ಕೂತಿದ್ದವನಾಗಿ ಹೇಳುತ್ತೇನೆ: ಶಾಸಕರು ಬದಲಾದರೆ ಕೆಲವು ಕೆಲಸ ಖಂಡಿತ ಬದಲಾಗುತ್ತವೆ, ಮತ್ತು ನಿಮ್ಮ ಫಾರಂ 53 ಅಂಥ ಕೆಲಸಗಳಲ್ಲಿ ಒಂದು.

ಯಾಕೆಂದರೆ ಇಂಥ ಅರ್ಜಿಗಳನ್ನು ತೀರ್ಮಾನಿಸುವ ಬಗರ್‌ಹುಕುಂ ಸಮಿತಿಗೆ ಅಧ್ಯಕ್ಷರು ಶಾಸಕರೇ. ತಹಶೀಲ್ದಾರ್ ಕಾರ್ಯದರ್ಶಿ. ಉಳಿದ ಸದಸ್ಯರು ಸರ್ಕಾರದಿಂದ ನಾಮಕರಣಗೊಂಡವರು, ಅವರಲ್ಲಿ ಮಹಿಳೆಯೊಬ್ಬರು, ಪರಿಶಿಷ್ಟರಲ್ಲಿ ಒಬ್ಬರು ಇರಬೇಕು. ರಸ್ತೆಗೆ, ಸೇತುವೆಗೆ ಶಾಸಕರು ಬೆಂಗಳೂರಿನಲ್ಲಿ ಮಂತ್ರಿಗಳ ಬಾಗಿಲು ತಟ್ಟಬೇಕಾಗುತ್ತದೆ. ಇದಕ್ಕೆ ತಟ್ಟಬೇಕಾಗಿಲ್ಲ. ಸಮಿತಿ ರಚನೆಯಾದ ಮೇಲೆ ಸಭೆ ಕರೆಯುವುದು ಅವರ ಕೈಲೇ ಇದೆ. ಹಾಗಾಗಿ ಹೊಸಬರನ್ನು ಅಳೆಯಲು ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಸರಿಯಾದ ಮಾನದಂಡ ನನಗೆ ಗೊತ್ತಿಲ್ಲ: ಸಮಿತಿಯ ಸಭೆ ಯಾವಾಗ ಕರೆದರು, ಎಷ್ಟು ಸಲ ಕರೆದರು, ಪಟ್ಟಿಯನ್ನು ಎಲ್ಲಿ ಓದಿದರು?

ನನ್ನ ಸೇವೆಯಲ್ಲಿ ಎರಡು ಬಗೆಯ ಸಭೆ ನೋಡಿದ್ದೇನೆ. ಒಂದು ಪ್ರವಾಸಿ ಮಂದಿರದಲ್ಲಿ. ಯಾರ ಹೆಸರು ಸೇರಬೇಕು ಎಂಬ ಚೀಟಿ ಪಕ್ಷದ ಹುಡುಗರಿಂದ ಮೊದಲೇ ಬಂದಿರುತ್ತಿತ್ತು. ಶಾಸಕರು ಊಟಕ್ಕೆ ಮುಂಚೆ ಬಂದು ನಿಂತುಕೊಂಡೇ ಸಹಿ ಹಾಕಿ ಹೋದರು. ಕಡತದ ಕಟ್ಟನ್ನು ಬಿಚ್ಚಲೂ ಇಲ್ಲ. ಇನ್ನೊಂದು ಬೇರೆ ತಾಲ್ಲೂಕಿನಲ್ಲಿ, ಬೇರೆ ಶಾಸಕರದ್ದು. ಅವರು ಬೆಳಿಗ್ಗೆ ಕೂತವರು ದೀಪ ಹಚ್ಚುವ ಹೊತ್ತಿಗೂ ಎದ್ದಿರಲಿಲ್ಲ. ಒಂದೊಂದು ಅರ್ಜಿಗೂ ಗ್ರಾಮ ಲೆಕ್ಕಿಗರನ್ನು ಹತ್ತಿರ ಕರೆದು ಕೇಳುತ್ತಿದ್ದರು: ಸ್ಥಳಕ್ಕೆ ಹೋಗಿದ್ದೀರಾ, ಗಿಡ ಎಷ್ಟು ವರ್ಷದ್ದು, ಚೆಕ್ಕುಬಂದಿ ಯಾರು ತೋರಿಸಿದರು, ಮಹಜರಿಗೆ ಸಹಿ ಹಾಕಿದ ಪಂಚರು ಯಾರು? ವಿಧವೆಯೊಬ್ಬರ ಅರ್ಜಿ ಗಂಡನ ಹೆಸರಲ್ಲೇ ಉಳಿದಿತ್ತು. ವಾರಸುದಾರರ ದಾಖಲೆ ಇಲ್ಲವೆಂದು ನಾವು ಬದಿಗಿಟ್ಟಿದ್ದೆವು. 'ದಾಖಲೆ ಕೊಡಬೇಕಾದವರೇ ನಾವು, ಅವರನ್ನು ಯಾಕೆ ಅಲೆಸುತ್ತೀರಿ' ಎಂದು ಆ ಮೇಜಿನ ಮೇಲೇ ಮಾಡಿಸಿದರು. ಮರುದಿನ ಒಪ್ಪಿದ್ದರ ಪಟ್ಟಿ, ವಜಾ ಆದದ್ದರ ಪಟ್ಟಿ ಎರಡನ್ನೂ ಕಾರಣ ಸಮೇತ ನಾಡಕಚೇರಿ ಗೋಡೆಗೆ ಅಂಟಿಸಿದೆವು. ಜನ ಬಂದು ಬೆರಳಿಟ್ಟು ಓದಿದರು. ಕಾಯ್ದೆ ಎರಡು ಕಡೆಯೂ ಒಂದೇ ಆಗಿತ್ತು.

ಇದರ ಮಿತಿಯನ್ನೂ ಹೇಳಬೇಕು. ಸಕ್ರಮದ ಅರ್ಜಿಗಳಾದ ಫಾರಂ 50 ಮತ್ತು 53ಕ್ಕೆ 1990ರ ಏಪ್ರಿಲ್ 14ಕ್ಕೆ ಮುಂಚಿನ ಸಾಗುವಳಿ ಇರಬೇಕು, 2018ರಲ್ಲಿ ಬಂದ ಫಾರಂ 57ಕ್ಕೆ 2005ರ ಜನವರಿ 1ಕ್ಕೆ ಮುಂಚಿನದು. ನಮ್ಮ ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ತೊಡಕು ಸರ್ವೆ ನಂಬರಿನದು. ಪಹಣಿಯಲ್ಲಿ ಸರ್ಕಾರಿ ಎಂದಿರುತ್ತದೆ. ಅದೇ ಜಾಗಕ್ಕೆ ಅರಣ್ಯ ಇಲಾಖೆಯವರು ಎಂದೋ ಇದನ್ನು ಕಾಡೆಂದು ಘೋಷಿಸುವ ಉದ್ದೇಶವಿದೆ ಎಂಬ, ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆ ಹೊರಡಿಸಿರುತ್ತಾರೆ, ಆಮೇಲೆ ಸೆಕ್ಷನ್ 17ರ ಅಂತಿಮ ಆದೇಶವೂ ಆಗದೆ, ಕೈಬಿಡುವುದೂ ಆಗದೆ ನಡುವೆ ನಿಂತಿರುತ್ತದೆ. ಜಾಗ ಅರಣ್ಯವೆಂದು ತೀರ್ಮಾನವಾದರೆ ಶಾಸಕರ ಸಮಿತಿ ಮಂಜೂರು ಮಾಡಲು ಬರುವುದಿಲ್ಲ. 1980ರ ಅರಣ್ಯ ಸಂರಕ್ಷಣೆ ಕಾಯ್ದೆಯ ಪ್ರಕಾರ ಅದಕ್ಕೆ ಕೇಂದ್ರದ ಒಪ್ಪಿಗೆ ಬೇಕು. ಇದನ್ನು ನಿಮ್ಮ ತಂದೆಗೆ ಮುಖಕ್ಕೆ ಹೇಳುವ ಶಾಸಕರು ಒಳ್ಳೆಯವರು. ಜಂಟಿ ಸರ್ವೆ ಮಾಡಿಸಿ ಯಾವುದು ಕಾಡು, ಯಾವುದು ಕಂದಾಯ ಎಂದು ಗುರುತು ಹಾಕಿಸುವವರು ಇನ್ನೂ ಒಳ್ಳೆಯವರು. 'ನೋಡೋಣ, ಮಾಡಿಸೋಣ' ಎಂದು ಐದು ವರ್ಷ ಓಡಾಡಿಸುವವರಿಂದಲೇ ನಿಮ್ಮ ತಂದೆಯಂಥವರು ನಂಬಿಕೆ ಕಳೆದುಕೊಂಡದ್ದು.

ದೊಡ್ಡ ಹೆಸರು ಗೆದ್ದರೆ ಊರು ಬದಲಾಗುತ್ತದೆ ಎಂಬ ಆಸೆಯನ್ನು ನಮ್ಮ ಜಿಲ್ಲೆಯಷ್ಟು ಕಂಡವರು ಕಡಿಮೆ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಇಲ್ಲಿಂದಲೇ ನಿಂತು ವೀರೇಂದ್ರ ಪಾಟೀಲರನ್ನು ಸೋಲಿಸಿದರು. ಡಿಸೆಂಬರಿನಲ್ಲಿ ಲೋಕಸಭೆ ಅವರ ಸದಸ್ಯತ್ವವನ್ನೇ ಕಿತ್ತುಕೊಂಡಿತು. 1980ರಲ್ಲಿ ಅವರು ರಾಯ್‌ಬರೇಲಿ, ಮೇದಕ್‌ಗಳಿಂದ ನಿಂತರು. ದೇಶದ ರಾಜಕೀಯದ ದಿಕ್ಕನ್ನು ನಾವು ತಿರುಗಿಸಿದೆವು, ನಿಜ. ತೋಟದ ಕೂಲಿಯವರ ಲೈನ್ ಮನೆಗಳ ಮಾಡು ಮಾತ್ರ ಸೋರುತ್ತಲೇ ಇತ್ತು.

ಅದೇ ಕಾಲದ ದೇವರಾಜ ಅರಸರ ಕೆಲಸ ನೋಡಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಉಳುವವರು ಆ ಜಮೀನಿನ ಹಕ್ಕಿಗಾಗಿ ಫಾರಂ 7 ಹಾಕಿದರು. ಅಂಥ ಕಾಯ್ದೆ ಬೇರೆ ರಾಜ್ಯಗಳಲ್ಲೂ ಇತ್ತು. ಇಲ್ಲಿ ಅದು ನಡೆದದ್ದಕ್ಕೆ ನಾನು ಕಾಣುವ ಕಾರಣ, ತಾಲ್ಲೂಕು ತಾಲ್ಲೂಕಿಗೂ ಭೂ ನ್ಯಾಯಮಂಡಳಿ ಮಾಡಿ, ಅಸಿಸ್ಟೆಂಟ್ ಕಮಿಷನರ್ ಪಕ್ಕದಲ್ಲಿ ಅಧಿಕಾರಿಗಳಲ್ಲದವರನ್ನೂ ಕೂರಿಸಿದ್ದು. ಮೊದಲಿಗೆ ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಗೇಣಿದಾರ ತನ್ನ ಮಾತು ತಾನೇ ಹೇಳಿಕೊಳ್ಳಬಹುದಿತ್ತು. ಕಾಫಿ ತೋಟಗಳು ಆ ಕಾಯ್ದೆಯ ಹೊರಗುಳಿದವು, ಅದರ ನೋವು ಇಲ್ಲಿನ ಕೂಲಿಯವರಿಗೆ ಇವತ್ತಿಗೂ ಇದೆ. ಆದರೂ ನಾಯಕರೊಬ್ಬರ ಮನಸ್ಸು ರೈತನ ಅಂಗಳದವರೆಗೆ ಬಂದು ಮುಟ್ಟಿದ್ದು ಆ ಕೆಳಗಿನ ಮಂಡಳಿಗಳಿಂದ.

ಅದಕ್ಕೇ ನನಗೆ ಈಗ ಹೆಚ್ಚು ಸಂಕಟವಾಗುವುದು ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಸ್ಥಿತಿ ನೋಡಿ. 2016ರಲ್ಲಿ ಆರಿಸಿ ಬಂದವರ ಅವಧಿ 2021ಕ್ಕೇ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ಚುನಾವಣೆ ಮುಂದಕ್ಕೆ ಹೋಗುತ್ತಲೇ ಇದೆ. ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರು ಕಟ್ಟಿದ ವ್ಯವಸ್ಥೆಯಲ್ಲಿ, 1987ರ ಚುನಾವಣೆಯ ಮೇಲೆ, ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಇವತ್ತು ಆ ಕುರ್ಚಿಯೇ ಖಾಲಿ. ನಡುವಿನ ಸದಸ್ಯರು ಇಲ್ಲದ ಕಾರಣ ಶಾಲೆಯ ಹೆಂಚಿನಿಂದ ಹಿಡಿದು ಬೋರ್‌ವೆಲ್ ಮೋಟಾರಿನವರೆಗೆ ಎಲ್ಲದಕ್ಕೂ ಜನ ಶಾಸಕರ ಮನೆ ಮುಂದೆ ನಿಲ್ಲುತ್ತಾರೆ. ಎಲ್ಲದಕ್ಕೂ ಶಾಸಕರ ಲೆಟರ್‌ಹೆಡ್ ಬೇಕಾಗುತ್ತದೆ. ಗೆದ್ದ ತಿಂಗಳಲ್ಲೇ ತಹಶೀಲ್ದಾರ್ ಯಾರು, ಸರ್ಕಲ್ ಇನ್ಸ್‌ಪೆಕ್ಟರ್ ಯಾರು ಎಂಬ ವರ್ಗಾವಣೆ ಪತ್ರಗಳು ಓಡಾಡುವುದನ್ನು ಯಾವ ಪಕ್ಷದ ಕಾಲದಲ್ಲೂ ನಾನು ಕಂಡಿದ್ದೇನೆ. ತಮ್ಮ ಪತ್ರವಿಲ್ಲದೆಯೂ ಜನರ ಕೆಲಸ ಆಗುವಂತೆ ಮಾಡುವ ಶಾಸಕರು ಬಂದರೆ, ಅದನ್ನು ನಾನು ನಿಜವಾದ ಬದಲಾವಣೆ ಎನ್ನುತ್ತೇನೆ. ನಿಮ್ಮ ಹೊಸ ಶಾಸಕರು ಪಂಚಾಯಿತಿ ಚುನಾವಣೆ ಬೇಗ ಮಾಡಿ ಎಂದು ಸದನದಲ್ಲಿ ಎದ್ದು ಕೇಳುತ್ತಾರೋ ನೋಡಿ. ತಮ್ಮ ಕೈಯ ಅಧಿಕಾರವನ್ನು ಹಂಚಿಕೊಳ್ಳಿ ಎಂದು ಕೇಳಿದಂತೆ ಅದು, ಸುಲಭವಲ್ಲ.

ನೀವು ಮಾಡಬೇಕಾದದ್ದು ಇಷ್ಟು. ತಂದೆಯ ಅರ್ಜಿಯ ಸ್ವೀಕೃತಿ ಹುಡುಕಿ ತೆಗೆಯಿರಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ, ಅರ್ಜಿ ಯಾವ ಹಂತದಲ್ಲಿದೆ, ಸಮಿತಿ ಮುಂದೆ ಬಂದಿದೆಯೇ, ವಜಾ ಆಗಿದ್ದರೆ ಕಾರಣವೇನು, ಸರ್ವೆ ನಂಬರಿಗೆ ಅರಣ್ಯದ ಆಕ್ಷೇಪಣೆ ಇದೆಯೇ ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಆ ಕಾಗದ ಹಿಡಿದು ಶಾಸಕರ ಹತ್ತಿರ ಹೋಗಿ. ಒಬ್ಬರೇ ಹೋಗಬೇಡಿ, ಅದೇ ಸರ್ವೆ ನಂಬರಿನ ಅರ್ಜಿದಾರರನ್ನೆಲ್ಲ ಕರೆದುಕೊಂಡು ಹೋಗಿ.

ಪ್ರಶ್ನೆ: ಗೆದ್ದವರು ನಾಳೆ ಪಕ್ಷ ಬಿಟ್ಟರೆ ನಾವೇನು ಮಾಡಬೇಕು? 2019ರಲ್ಲಿ ಹದಿನೇಳು ಶಾಸಕರು ಹಾಗೆ ಮಾಡಿ ಸರ್ಕಾರವೇ ಬಿತ್ತಲ್ಲ?
— ಕಾಲೇಜು ವಿದ್ಯಾರ್ಥಿ, ಹಾಸನ

ಉತ್ತರ: ಮಧ್ಯದಲ್ಲಿ ಅವರನ್ನು ವಾಪಸ್ ಕರೆಸುವ ಹಕ್ಕು ಮತದಾರರಿಗೆ ಇಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಅನರ್ಹತೆ ತರಬಹುದು, ಮತ್ತೆ ನಿಲ್ಲುವುದನ್ನು ತಡೆಯುವುದಿಲ್ಲ. 2019ರ ಡಿಸೆಂಬರ್ ಉಪಚುನಾವಣೆಯಲ್ಲಿ 15 ಕ್ಷೇತ್ರಗಳ ಪೈಕಿ 12ರಲ್ಲಿ ಬಿಜೆಪಿ ಗೆದ್ದಿತು, ಪಕ್ಷ ಬಿಟ್ಟು ಬಂದ ಹಲವರು ಜನರ ಮತದಿಂದಲೇ ಮತ್ತೆ ಆರಿಸಿ ಬಂದರು. ಇದು ನನಗೆ ಬೇಸರ ತಂದ ಸಂಗತಿ.

ಪ್ರಶ್ನೆ: 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಫ್ರೀ ಆಯಿತು. ನಮ್ಮೂರಿಗೆ ಬರುವುದು ಖಾಸಗಿ ಬಸ್ಸು ಮಾತ್ರ. ನಮಗೇನು ಬಂತು?
— ಗೃಹಿಣಿ, ಕೊಪ್ಪ ತಾಲ್ಲೂಕು

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದು ಅಕ್ಕ. ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ನಿಮ್ಮ ಕಡೆ ಕಾರ್ಮಿಕರೇ ಕಟ್ಟಿ ನಡೆಸುತ್ತಿದ್ದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಆ ಜಾಗ ಪೂರಾ ತುಂಬಿಲ್ಲ. ಸರ್ಕಾರಿ ಬಸ್ಸಿಗೆ ಕೆಎಸ್‌ಆರ್‌ಟಿಸಿ ವಿಭಾಗೀಯ ನಿಯಂತ್ರಣಾಧಿಕಾರಿಗೆ ಅರ್ಜಿ ಕೊಡಿ. ಮಾರ್ಗದ ಪರ್ಮಿಟ್ ನೋಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಅವರಿಗೂ ಒಂದು ಪ್ರತಿ ಹೋಗಲಿ, ಶಾಸಕರಿಗೂ ಒಂದು. ಅರ್ಜಿಯಲ್ಲಿ 'ಬಸ್ ಬಿಡಿ' ಎಂದಷ್ಟೇ ಬರೆಯಬೇಡಿ. ಯಾವ ಊರಿಂದ ಯಾವ ಊರಿಗೆ, ಶಾಲೆ ಮಕ್ಕಳು ಎಷ್ಟು, ತೋಟಕ್ಕೆ ಹೋಗುವ ಹೆಂಗಸರು ಎಷ್ಟು, ಬೆಳಿಗ್ಗೆ ಎಷ್ಟು ಗಂಟೆಗೆ ಬೇಕು, ಮಳೆಗಾಲದಲ್ಲಿ ದೊಡ್ಡ ಬಸ್ ತಿರುಗುವ ಜಾಗ ಎಲ್ಲಿದೆ ಎಂದೆಲ್ಲ ಬರೆಯಿರಿ. ಗ್ರಾಮ ಪಂಚಾಯಿತಿಯಲ್ಲಿ ನಿರ್ಣಯ ಮಾಡಿಸಿ ಅದರ ನಕಲು ಲಗತ್ತಿಸಿ. ಕೊಟ್ಟ ಪ್ರತಿಯೊಂದಕ್ಕೂ ಸೀಲು ಹಾಕಿಸಿಕೊಂಡು ಬನ್ನಿ, ಉತ್ತರ ಏನು ಬಂತೆಂದು ನನಗೂ ಬರೆದು ತಿಳಿಸಿ.