ಚಳಿಗಾಲದಲ್ಲಿ ಹತ್ತು ಜನರನ್ನು ಮನೆಗೆ ಊಟಕ್ಕೆ ಕರೆದರೆ ಏನು ಮಾಡಿ ಬಡಿಸಬಹುದು?

ಬೆಂಗಳೂರಿಗೆ ಬಂದು ಹೆಚ್ಚು ಕಾಲವಾಗಿಲ್ಲವೆಂದೂ, ಜನವರಿಯ ಒಂದು ಭಾನುವಾರ ಕಚೇರಿಯ ಗೆಳೆಯರನ್ನೂ ಅಕ್ಕನ ಮನೆಯವರನ್ನೂ ಸೇರಿಸಿ ಸುಮಾರು ಹತ್ತು ಜನರಿಗೆ ಕೈಯಾರೆ ಅಡುಗೆ ಮಾಡಿ ಬಡಿಸುವ ಆಸೆಯಿದೆಯೆಂದೂ ಬರೆದಿದ್ದೀರಿ. ಅಡುಗೆಮನೆ ಚಿಕ್ಕದು, ಒಲೆ ಎರಡೇ, ಬರುವವರಲ್ಲಿ ಇಬ್ಬರು ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಬಂದವರಿಗೆ ಕೆಲಸ ಹೇಳಿದರೆ ತಪ್ಪಾಗುತ್ತದೆಯೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಆ ಕೊನೆಯ ಪ್ರಶ್ನೆಯಿಂದಲೇ ಉತ್ತರ ಶುರುಮಾಡುತ್ತೇನೆ: ಧಾರಾಳವಾಗಿ ಹೇಳಿ. ಅವರೆಕಾಯಿ ತಂದು ಹಿತಕಿದ ಬೇಳೆ ಸಾರು ಮಾಡಿ, ಬೇಳೆ ಹಿತಕಲು, ಅಂದರೆ ನೆನೆದ ಕಾಳನ್ನು ಒತ್ತಿ ಸಿಪ್ಪೆ ಬಿಡಿಸಲು, ಬರುವವರನ್ನೇ ಕೂರಿಸಿ. ಈ ಅಡುಗೆಯಲ್ಲಿ ಒಲೆಯ ಮುಂದೆ ನಿಲ್ಲುವ ಕೆಲಸ ಬಹಳ ಕಡಿಮೆ. ಉಳಿದದ್ದೆಲ್ಲ ಚಾಪೆ ಹಾಸಿಕೊಂಡು ಹರಟೆ ಹೊಡೆಯುತ್ತ ಮಾಡುವಂಥದ್ದಾದ್ದರಿಂದ ಅಡುಗೆಮನೆ ಚಿಕ್ಕದಾದರೂ ತೊಂದರೆಯಿಲ್ಲ, ನಡುಮನೆ ಸಾಕಷ್ಟು ದೊಡ್ಡದಿದ್ದರಾಯಿತು.

ನಮ್ಮದು ಮಾಗಡಿ ಕಡೆಯ ಮನೆತನ. ಆ ಸೀಮೆಯಲ್ಲಿಯೂ ಕನಕಪುರ, ರಾಮನಗರ, ಹೊಸಕೋಟೆ, ಕೋಲಾರ, ಚಿಂತಾಮಣಿಗಳ ಕಡೆಯಲ್ಲಿಯೂ ಅವರೆಯನ್ನು ಬಹುಮಟ್ಟಿಗೆ ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಾಗಿ, ಅಂದರೆ ರಾಗಿಯ ಸಾಲುಗಳ ನಡುನಡುವೆ, ಬಿತ್ತುತ್ತಾರೆ. ಮಳೆಗಾಲದಲ್ಲಿ ರಾಗಿಯ ಜೊತೆ ಹುಟ್ಟಿದ ಬಳ್ಳಿ ಅದರ ನೆರಳಿನಲ್ಲಿ ಸುಮ್ಮನಿದ್ದು, ರಾಗಿ ಕುಯ್ಲಾದ ಮೇಲೆ ಹೊಲವನ್ನೆಲ್ಲ ತನ್ನದು ಮಾಡಿಕೊಂಡು ಇಬ್ಬನಿಯ ತೇವದಲ್ಲಿಯೇ ಹೂ ಕಾಯಿ ಹಿಡಿಯುತ್ತದೆ. ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುವುದು ನಾಟಿ ಅವರೆಯ ಗುಣ. ಅದಕ್ಕೆಂದೇ ಅದು ಡಿಸೆಂಬರ್, ಜನವರಿಗಳ ಬೆಳೆಯಾಗಿ ಉಳಿದುಕೊಂಡಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಎಂಬ ಹೆಸರಿನಲ್ಲಿ, ಹಗಲಿನ ಉದ್ದವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ವರ್ಷದ ಯಾವ ಕಾಲದಲ್ಲಾದರೂ ಫಲ ಕೊಡುವ ಎಚ್‌ಎ 3, ಎಚ್‌ಎ 4 ಮುಂತಾದ ತಳಿಗಳನ್ನು ಹೊರತಂದಿದ್ದಾರೆ. ಬೇಸಿಗೆಯಲ್ಲಿಯೂ ಅವರೆ ಸಿಗುತ್ತಿರುವುದು ಅವುಗಳಿಂದಾಗಿಯೇ, ರೈತರಿಗೆ ಅವು ಅನುಕೂಲವೂ ಹೌದು. ಆದರೆ ನನ್ನ ಮೂಗು ಒಪ್ಪುವುದು ಚಳಿಗಾಲದ ನಾಟಿ ಕಾಯಿಯನ್ನು ಮಾತ್ರ.

ಮೂಗಿನ ಮಾತು ಏಕೆ ಬಂತೆಂದರೆ, ಅವರೆಕಾಯಿಯನ್ನು ಕೊಳ್ಳುವಾಗ ಕಣ್ಣಿಗಿಂತ ಮೂಗನ್ನು ನಂಬಬೇಕು. ಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯಂತೆ ಅಂಟಂಟಾದ ಜಿನುಗೊಂದಿರುತ್ತದೆ. ಸೊಗಡು ಇರುವುದು ಅದರಲ್ಲಿ. ನಾಲ್ಕು ಕಾಯಿಗಳನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಅಂಗೈ ಘಮ್ಮೆನ್ನಬೇಕು, ಬೆರಳು ಸ್ವಲ್ಪ ಜಿಗಟಾಗಬೇಕು. ಮಂಜು ಬಿದ್ದಷ್ಟೂ ಸೊಗಡು ಏರುತ್ತದೆಂದು ಊರ ಕಡೆ ಹೇಳುವುದುಂಟು. ಕಾಯಿ ತುಂಬಿಕೊಂಡಿರಬೇಕು, ಆದರೆ ಹಳದಿಗೆ ತಿರುಗಿರಬಾರದು. ಹಳದಿಯಾದದ್ದು ಬಲಿತ ಕಾಳು, ಅದನ್ನು ಸಾರಿಗೆ ಸಿಪ್ಪೆ ಸಮೇತ ಹಾಕಬಹುದೇ ಹೊರತು ಹಿತಕಲು ಬಾರದು. ಅಲ್ಲಲ್ಲಿ ಒಂದು ತೂತು, ಒಳಗೊಂದು ಹಸಿರು ಹುಳು ಕಂಡರೆ ಗಾಬರಿಯಾಗಬೇಡಿ. ಹುಳು ಇದ್ದರೆ ಔಷಧಿ ಅಷ್ಟಾಗಿ ಹೊಡೆದಿಲ್ಲವೆಂದು ಸಮಾಧಾನಪಟ್ಟುಕೊಳ್ಳುವ ಗಿರಾಕಿಗಳನ್ನು ನಾನು ಬಹಳ ಕಂಡಿದ್ದೇನೆ, ನಾನೂ ಅವರಲ್ಲೊಬ್ಬ. ಅಂಗಡಿಗಳಲ್ಲಿ ಸುಲಿದ ಕಾಳೂ, ಹಿತಕಿದ ಬೇಳೆಯೂ ಪೊಟ್ಟಣದಲ್ಲಿ ಸಿಗುತ್ತವೆ. ಒಬ್ಬಿಬ್ಬರ ಅಡುಗೆಗೆ ಅವು ಸರಿಯೇ. ನೀವು ಹತ್ತು ಜನರನ್ನು ಕೂಡಿಸಿ ಒಂದು ಬೆಳಗನ್ನು ಕಳೆಯಬೇಕೆಂದಿರುವುದರಿಂದ ಆ ಪೊಟ್ಟಣವನ್ನು ತಂದರೆ ಮಾಡಬೇಕಾದ ಕೆಲಸವನ್ನೇ ಮಾರಿಕೊಂಡಂತಾಗುತ್ತದೆ.

ಹತ್ತು ಜನರಿಗೆ ನಾಲ್ಕು ಕಿಲೋ ಕಾಯಿ ಬೇಕು. ಚೆನ್ನಾಗಿ ತುಂಬಿದ ಕಾಯಿಯಲ್ಲಿ ತೂಕದ ಅರ್ಧಕ್ಕಿಂತ ತುಸು ಕಡಿಮೆ ಕಾಳು ಸಿಗುತ್ತದೆ. ಶನಿವಾರ ಸಂಜೆ ಕಾಯಿ ತಂದು, ಹಳೆಯ ಪೇಪರ್ ಹಾಸಿಕೊಂಡು ಅಂದೇ ಸುಲಿದುಬಿಡಿ. ಇದಕ್ಕೆ ಅಕ್ಕನ ಮನೆಯವರನ್ನು ಕರೆದರೆ ಸಾಕು. ಎರಡು ಹಿಡಿ ಕಾಳನ್ನು ಬೇರೆ ತೆಗೆದಿಟ್ಟು, ಉಳಿದದ್ದನ್ನು ತೊಳೆದು, ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರು ಹಾಕಿ ರಾತ್ರಿ ನೆನೆಯಿಡಿ. ಬೆಳಗ್ಗೆ ಆ ನೀರನ್ನು ಚೆಲ್ಲಿ ಹೊಸ ನೀರು ಹಾಕಬೇಕು, ಇಲ್ಲದಿದ್ದರೆ ಕಾಳು ಹುಳಿವಾಸನೆ ಹಿಡಿಯುತ್ತದೆ.

ಭಾನುವಾರ ಹತ್ತು ಗಂಟೆಗೆ ಬನ್ನಿರೆಂದು ಗೆಳೆಯರಿಗೆ ಹೇಳಿ. ಊಟಕ್ಕೆಂದು ಒಂದು ಗಂಟೆಗೆ ಕರೆದರೆ ಅವರು ಒಂದೂವರೆಗೆ ಬಂದು, ಸೋಫಾದ ಮೇಲೆ ಕುಳಿತು, ಫೋನು ನೋಡುತ್ತಾರೆ. ನೀವು ಒಳಗೆ ಬೆವರುತ್ತಿರುತ್ತೀರಿ. ಹತ್ತಕ್ಕೆ ಬಂದವರಿಗೆ ಕಾಫಿ ಕೊಟ್ಟು, ನಡುವೆ ದೊಡ್ಡ ಬೇಸಿನ್ನಿನಲ್ಲಿ ನೆನೆದ ಕಾಳನ್ನೂ, ಒಬ್ಬೊಬ್ಬರ ಮುಂದೆ ಒಂದೊಂದು ಬಟ್ಟಲನ್ನೂ ಇಡಿ. ಕಾಳನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಹೊರಬರುತ್ತದೆ. ಹೊಸಬರು ಮೊದಲು ಜೋರಾಗಿ ಒತ್ತುತ್ತಾರೆ, ಬೇಳೆ ಹಾರಿ ಎದುರು ಕುಳಿತವರ ಕಾಫಿಯ ಲೋಟಕ್ಕೆ ಬೀಳುತ್ತದೆ, ಎಲ್ಲರೂ ನಗುತ್ತಾರೆ. ಒತ್ತುವ ಕೈಯನ್ನು ಬಟ್ಟಲಿನ ಒಳಕ್ಕೆ ಇಳಿಸಿಕೊಂಡರೆ ಈ ಹಾರಾಟ ತಪ್ಪುತ್ತದೆ. ಒಬ್ಬರೇ ಕುಳಿತರೆ ಬೆನ್ನು ಹಿಡಿದುಕೊಳ್ಳುವ ಈ ಕೆಲಸ ಏಳೆಂಟು ಜನ ಕುಳಿತರೆ ಎರಡನೆಯ ಕಾಫಿಯ ಹೊತ್ತಿಗೆ ಮುಗಿದಿರುತ್ತದೆ. ಕೈಗೆ ಕೆಲಸವಿದ್ದಾಗ, ಪರಸ್ಪರ ಪರಿಚಯವಿಲ್ಲದವರು ಸಹ ಮಾತಿಗೆ ತಡಕಾಡುವುದಿಲ್ಲ. ನಿಮ್ಮ ಅಕ್ಕನ ಅತ್ತೆಯವರಿಗೂ ಕಚೇರಿಯ ಹುಡುಗರಿಗೂ ಬೇರೆ ಯಾವ ವಿಷಯದಲ್ಲಿ ಮಾತು ಹೊಂದುತ್ತಿತ್ತು, ಹೇಳಿ.

ಇನ್ನು ಸಾರು. ನಾಲ್ಕು ಈರುಳ್ಳಿಗಳಲ್ಲಿ ಎರಡನ್ನು ಹೆಚ್ಚಿ, ಒಂದು ಗಡ್ಡೆ ಬೆಳ್ಳುಳ್ಳಿ, ಒಂದಂಗುಲ ಶುಂಠಿಯ ಜೊತೆ ಎಣ್ಣೆಯಲ್ಲಿ ಬಾಡಿಸಿಕೊಳ್ಳಿ. ಇದಕ್ಕೆ ಹತ್ತು ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಮೂರು ಚಮಚ ಧನಿಯಾ, ಎರಡು ಚಮಚ ಹುರಿಗಡಲೆ, ಒಂದು ಚಮಚ ಗಸಗಸೆ, ಸಣ್ಣ ಚೂರು ಚಕ್ಕೆ, ಮೂರು ಲವಂಗ, ಒಂದು ತೆಂಗಿನಕಾಯಿಯ ತುರಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಬೇಕು. ಮೆಣಸಿನಕಾಯಿ, ಧನಿಯಾ, ಗಸಗಸೆಗಳನ್ನು ಬೆಚ್ಚಗಾಗುವಷ್ಟು ಹುರಿದಿರಬೇಕು. ಚಕ್ಕೆ, ಲವಂಗದ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಈಚೆಗೆ ಹೋಟೆಲುಗಳಲ್ಲಿಯೂ ಕೆಲವು ಮನೆಗಳಲ್ಲಿಯೂ ಗರಂ ಮಸಾಲೆಯನ್ನು ಸುರಿದು ಮಾಡುವ ಹಿತಕಿದ ಬೇಳೆ ಸಾರಿನಲ್ಲಿ ಅವರೆ ಇದೆಯೋ ಬಟಾಣಿ ಇದೆಯೋ ತಿಳಿಯುವುದಿಲ್ಲ. ಸೊಗಡಿಗೆಂದು ಹುಡುಕಿ ತಂದ ಕಾಯಿಯನ್ನು ಮಸಾಲೆಯಲ್ಲಿ ಹೂತುಹಾಕುವುದು ನನ್ನ ಮಟ್ಟಿಗೆ ಅಪರಾಧ.

ದೊಡ್ಡ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಕರಿಬೇವು ಸಿಡಿಸಿ, ಉಳಿದ ಈರುಳ್ಳಿ, ಮೂರು ಟೊಮೆಟೊಗಳನ್ನು ಬಾಡಿಸಿ, ಬೇಳೆಯನ್ನು ಹಾಕಿ ಎರಡು ಮೂರು ನಿಮಿಷ ಹದವಾಗಿ ಕೈಯಾಡಿಸಿ. ಹಸಿಬೇಳೆಯ ಬಿಳಿಹಸಿರು ಸ್ವಲ್ಪ ಹೊಳಪಾಗಿ, ಹಸಿವಾಸನೆ ಹೋಗಿ, ಬೇರೆಯದೇ ಪರಿಮಳ ಏಳುತ್ತದೆ. ಆಗ ಕುದಿಯುವ ನೀರು ಹಾಕಬೇಕು. ಕುಕ್ಕರಿನ ಹತ್ತಿರವೂ ಹೋಗಬೇಡಿ, ಒಂದೇ ಕೂಗಿಗೆ ಬೇಳೆ ಕರಗಿ ಹಿಟ್ಟಾಗುತ್ತದೆ. ತೆರೆದ ಪಾತ್ರೆಯಲ್ಲಿ ಹತ್ತು ಹನ್ನೆರಡು ನಿಮಿಷಕ್ಕೆ ಎಳೆಯ ಬೇಳೆ ಬೇಯುತ್ತದೆ. ಬೆರಳ ನಡುವೆ ಇಟ್ಟು ಒತ್ತಿದರೆ ಮೆತ್ತಗೆ ಮುರಿಯಬೇಕು, ಆದರೆ ಸಾರಿನಲ್ಲಿ ಇಡಿಯಾಗಿ ನಿಂತಿರಬೇಕು. ಹಾಗೆಂದು ಅರೆಬೆಂದದ್ದನ್ನು ಬಡಿಸಬೇಡಿ, ಅವರೆ ಪೂರ್ತಿ ಬೆಂದರೇನೇ ಹೊಟ್ಟೆಗೆ ಹಿತ. ಮುಕ್ಕಾಲು ಬೆಂದಾಗ ಉಪ್ಪು, ರುಬ್ಬಿದ ಮಸಾಲೆ ಹಾಕಿ ಒಂದೆರಡು ಕುದಿ ಬರಿಸಿದರೆ ಸಾರು ಆಯಿತು. ಸ್ವಲ್ಪ ತೆಳ್ಳಗೆ ಇಳಿಸಿ, ಆರುತ್ತ ಆರುತ್ತ ಗಟ್ಟಿಯಾಗುತ್ತದೆ. ಮಾಂಸ ತಿನ್ನುವವರ ಮನೆಗಳಲ್ಲಿ ಇದೇ ಬೇಳೆಯನ್ನು ಕೈಮಾ ಉಂಡೆಯ ಸಾರಿಗೂ ಹಾಕುತ್ತಾರೆ, ಅದರ ರುಚಿಯೇ ಬೇರೆ. ನಿಮ್ಮ ಪಂಕ್ತಿಗೆ ಈ ಸಲ ಅದು ಹೊಂದದು.

ಈರುಳ್ಳಿ, ಬೆಳ್ಳುಳ್ಳಿ ತಿನ್ನದ ಇಬ್ಬರಿಗಾಗಿ ಬೇಳೆಯಲ್ಲಿ ಒಂದು ಪಾಲನ್ನು ಮೊದಲೇ ಬೇರೆ ಪಾತ್ರೆಯಲ್ಲಿ, ಎರಡನೆಯ ಒಲೆಯ ಮೇಲೆ ಬೇಯಲು ಇಡಿ. ತೆಂಗಿನತುರಿ, ಕಾಳುಮೆಣಸು, ಜೀರಿಗೆ ರುಬ್ಬಿ ಸೇರಿಸಿ, ತುಪ್ಪದಲ್ಲಿ ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರೆ ಸಾಕು. ಇದನ್ನು ರಾಜಿ ಅಡುಗೆಯೆಂದು ತಿಳಿಯಬೇಡಿ. ಧನುರ್ಮಾಸದಲ್ಲಿ ನಸುಕಿನ ಪೂಜೆಗೆಂದು ಅಕ್ಕಿ, ಹೆಸರುಬೇಳೆ, ಮೆಣಸು ಹಾಕಿ ಬೇಯಿಸುವ ಹುಗ್ಗಿಗೆ ಅವರೆಕಾಳು ಸೇರಿಸುವ ಮನೆಗಳಲ್ಲಿ ಇದೇ ರುಚಿಯ ದಾರಿ ಹಿಂದಿನಿಂದಲೂ ಇದೆ, ಸೊಗಡು ಹೆಚ್ಚು ನಿಚ್ಚಳವಾಗಿ ನಿಲ್ಲುವುದೂ ಇದರಲ್ಲಿಯೇ. ಈರುಳ್ಳಿ ತಿನ್ನುವವರೂ ಇದಕ್ಕೆ ಕೈಚಾಚುವರಾದ್ದರಿಂದ ತುಸು ಹೆಚ್ಚಾಗಿಯೇ ಮಾಡಿ.

ಜೊತೆಗೆ ಏನೆಂಬುದರಲ್ಲಿ ಜನರು ಎಡವುತ್ತಾರೆ. ಬೇಯಿಸಿದ ಅವರೆಕಾಳು, ಸಬ್ಬಸಿಗೆ ಸೊಪ್ಪು ಹಾಕಿ ತಟ್ಟಿದ ಅಕ್ಕಿರೊಟ್ಟಿಗೆ ಸಮನಾದದ್ದು ಇಲ್ಲ, ನಿಜ. ಆದರೆ ಎರಡು ಒಲೆಯಲ್ಲಿ ಹತ್ತು ಜನರಿಗೆ ರೊಟ್ಟಿ ಹಾಕಹೊರಟರೆ ಕೊನೆಯವರಿಗೆ ಬಡಿಸುವಾಗ ಮೊದಲಿನವರಿಗೆ ಮತ್ತೆ ಹಸಿವಾಗಿರುತ್ತದೆ, ನೀವಂತೂ ಎಲೆಯ ಮುಂದೆ ಕೂರುವುದೇ ಇಲ್ಲ. ಎಲ್ಲರಿಗೂ ಒಂದೇ ಸಲಕ್ಕೆ ಬಿಸಿಬಿಸಿಯಾಗಿ ಬಡಿಸಲು ರಾಗಿಮುದ್ದೆಯೇ ಸರಿ. ಒಂದು ಅಳತೆ ಹಿಟ್ಟಿಗೆ ಎರಡು ಅಳತೆ ನೀರು. ನೀರಿಗೆ ಸ್ವಲ್ಪ ಉಪ್ಪು, ಒಂದು ಚಮಚ ಹಿಟ್ಟನ್ನು ಕದಡಿ ಮರಳಿಸಿ, ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು ಕೆಲವು ನಿಮಿಷ ಕಲಕದೆ ಬೇಯಲು ಬಿಟ್ಟು, ಬಳಿಕ ಕೋಲಿನಿಂದ ಗಂಟಿಲ್ಲದಂತೆ ತಿರುವಬೇಕು. ತೋಳಿನ ಬಲ ಬೇಕಾದ ಈ ಕೆಲಸಕ್ಕೆ ಕಚೇರಿಯ ಗೆಳೆಯರಲ್ಲಿ ವ್ಯಾಯಾಮಶಾಲೆಗೆ ಹೋಗುವವರು ಯಾರಿದ್ದಾರೋ ಅವರನ್ನು ನಿಲ್ಲಿಸಿ. ಹತ್ತು ಜನರ ಹಿಟ್ಟನ್ನು ಒಂದೇ ಪಾತ್ರೆಯಲ್ಲಿ ತಿರುವುವುದು ರೂಢಿಯಿಲ್ಲದವರಿಗೆ ಆಗದು, ಎರಡು ಸಲ ಮಾಡಿ. ಮುದ್ದೆ ನುಂಗಲು ಬಾರದವರಿಗೆ ಅನ್ನವಿರಲಿ. ನುಂಗುವುದನ್ನು ಕಲಿಸಹೊರಟು ಊಟ ಕೆಡಿಸಬೇಡಿ.

ತೆಗೆದಿಟ್ಟ ಎರಡು ಹಿಡಿ ಕಾಳನ್ನು ಉಪ್ಪುನೀರಿನಲ್ಲಿ ಬೇಯಿಸಿ, ಒಗ್ಗರಣೆ ಹಾಕಿ ಪಲ್ಯ ಮಾಡಬಹುದು. ಹಿತಕಿದ ಬೇಳೆಯಲ್ಲಿ ಒಂದು ಬಟ್ಟಲನ್ನು ಬಟ್ಟೆಯ ಮೇಲೆ ಹರಡಿ, ತೇವ ಆರಿದ ಮೇಲೆ ಎಣ್ಣೆಯಲ್ಲಿ ಕರಿದು ಉಪ್ಪು, ಖಾರದ ಪುಡಿ, ಕರಿದ ಕರಿಬೇವು ಬೆರೆಸಿಟ್ಟರೆ ಸಾರು ಕುದಿಯುವವರೆಗೆ ಎಲ್ಲರ ಬಾಯಿಗೆ ಕೆಲಸ ಸಿಗುತ್ತದೆ. ತೇವ ಆರದೆ ಎಣ್ಣೆಗೆ ಬಿಟ್ಟರೆ ಮುಖಕ್ಕೆ ಸಿಡಿಯುತ್ತದೆ, ಎಚ್ಚರ. ಅವರೆಯಿಂದ ಏನೇನು ಮಾಡಬಹುದೆಂಬ ಪೂರ್ತಿ ಹುಚ್ಚನ್ನು ನೋಡಬೇಕಿದ್ದರೆ ನಗರದಲ್ಲಿ ಜನವರಿಯ ಆಸುಪಾಸಿನಲ್ಲಿ ನಡೆಯುವ ಅವರೆಬೇಳೆ ಮೇಳಕ್ಕೆ ಹೋಗಿಬನ್ನಿ, ವಿ.ವಿ. ಪುರಂನ ಸಜ್ಜನ್ ರಾವ್ ವೃತ್ತದ ಬಳಿ ಬಹುಕಾಲ ನಡೆದು ಈಚೆಗೆ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದ ಆ ಮೇಳದಲ್ಲಿ ಅವರೆಬೇಳೆಯ ಜಿಲೇಬಿಯನ್ನೂ ಮಾರುತ್ತಾರೆ. ದೋಸೆಯವರೆಗೆ ನನ್ನ ಸಮ್ಮತಿಯಿದೆ, ಜಿಲೇಬಿಗೆ ಇಲ್ಲ.

ಬರುವವರಿಗೆ ಏನಾದರೂ ತರಲು ಹೇಳಬಹುದೇ ಎಂದು ನೀವು ಕೇಳಿಲ್ಲವಾದರೂ, ಅವರು ಕೇಳಿಯೇ ಕೇಳುತ್ತಾರೆ. ಆಗ ಸಿಹಿ ತಿಂಡಿಯ ಡಬ್ಬವನ್ನು ತರಿಸಿಕೊಳ್ಳುವ ಬದಲು ಮನೆಯ ಉಪ್ಪಿನಕಾಯಿ, ಮೊಸರು, ಬೇಯಿಸಿದ ಗೆಣಸು, ಕಡಲೆಕಾಯಿ ಎಂದು ಹಂಚಿಬಿಡಿ. ಗೆಳೆಯರಲ್ಲಿ ಗುಜರಾತಿನವರಿದ್ದರೆ ಅವರ ಊಂಧಿಯು ಎಂಬ ತರಕಾರಿ ಅಡುಗೆಗೆ ಹಾಕುವ ಪಾಪಡಿ ಕಾಯಿಯೂ, ಚಿತ್ತೂರು ಕಡೆಯವರಿದ್ದರೆ ಅಲ್ಲಿನ ಹಿತಕಿದ ಬೇಳೆಯಾದ ಪಿತಕಪಪ್ಪೂ ಇದೇ ಅವರೆಯ ಬಳಗದವು. ಅವರ ಮನೆಯ ರೀತಿಯನ್ನು ಒಂದು ಡಬ್ಬಿಯಲ್ಲಿ ತರಲು ಹೇಳಿ. ಮಿಕ್ಕ ಸಾರನ್ನು ಹೋಗುವವರ ಅದೇ ಡಬ್ಬಿಗಳಿಗೆ ತುಂಬಿಸಿ ಕಳಿಸಿದರೆ ಮರುದಿನ ಬೆಳಗ್ಗೆ ಅವರ ಮನೆಯ ದೋಸೆಗೆ ಆಗುತ್ತದೆ.

ದಿನವನ್ನು ಮಾತ್ರ ಮುಂದೂಡಬೇಡಿ. ಸಂಕ್ರಾಂತಿ ಹತ್ತಿರವಾದಂತೆ ಅವರೆಕಾಯಿ, ಕಬ್ಬು, ಗೆಣಸುಗಳಿಗೆ ಕೊಳ್ಳುವವರು ಹೆಚ್ಚಿ ದರ ಏರುತ್ತದೆ. ಫೆಬ್ರುವರಿ ನಡುವಿನ ಹೊತ್ತಿಗೆ ಕಾಳು ಬಲಿತು ಸಿಪ್ಪೆ ಬಿಡುವುದಿಲ್ಲ. ಜನವರಿಯ ಮೊದಲ ಭಾನುವಾರ ಎಲ್ಲರಿಗೂ ಬಿಡುವಿದೆಯೇ ಎಂದು ಈಗಲೇ ಕೇಳಿಬಿಡಿ.